ಹಳೆಯ ಬಾಸ್ಟನ್ ವೇಲರ್ ದುರಸ್ತಿ: ನೀರು ಕುಡಿದ ಫೋಮು, ಕೊಳೆತ ಟ್ರಾನ್ಸಮ್, ಎಂಜಿನ್ನಿನ ಆಯ್ಕೆ

ವೂಸ್ಟರ್ ಕನ್ನಡಿಗ

ಎಲ್ಲರಿಗೂ ನಮಸ್ಕಾರ. ಮ್ಯಾಸಚೂಸೆಟ್ಸ್‌ನ ವೂಸ್ಟರಿನಲ್ಲಿರುವ ನಾನು 1960ರ ದಶಕದ ಕೊನೆಯ ಭಾಗದಲ್ಲಿ ತಯಾರಾದ, 16 ಅಡಿ 7 ಇಂಚು ಉದ್ದದ ಬಾಸ್ಟನ್ ವೇಲರ್ ಕಂಪನಿಯ ಫೈಬರ್ ದೋಣಿಯೊಂದನ್ನು ಟ್ರೇಲರ್ ಸಮೇತ ಕೊಂಡಿದ್ದೇನೆ. ಒಳಗಿನ ತಿಳಿನೀಲಿ ಬಣ್ಣ, ಮಹಾಗನಿಯ ಆಸನದ ಹಲಗೆಗಳು, ಸ್ಟೀರಿಂಗ್ ಚಕ್ರ ಕೂರಿಸುವ ಮರದ ಕನ್ಸೋಲ್ ಎಲ್ಲವೂ ಮೂಲದವೇ ಆಗಿವೆ. ಹಿಂಬದಿಯ ಟೂ-ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್ ಮಾತ್ರ ಜಾಮ್ ಆಗಿ ನಿಂತಿದೆ. ದೋಣಿಯನ್ನು ಹೆಚ್ಚಾಗಿ ಇಲ್ಲಿನ ಕ್ವಿನ್ಸಿಗಮಂಡ್ ಸರೋವರದಲ್ಲಿ, ಬೇಸಿಗೆಯಲ್ಲಿ ಒಮ್ಮೊಮ್ಮೆ ಬಜರ್ಡ್ಸ್ ಕೊಲ್ಲಿಯಲ್ಲಿ ಓಡಿಸುವ ಉದ್ದೇಶವಿದೆ.

ಎಂಜಿನ್, ರೇಲಿಂಗ್, ಕನ್ಸೋಲ್, ಬ್ಯಾಟರಿ, ಟ್ಯಾಂಕುಗಳನ್ನೆಲ್ಲ ತೆಗೆದು, ಲಾರಿಗಳನ್ನು ತೂಗುವ ಕಾಟಾದಲ್ಲಿ ಟ್ರೇಲರ್ ಸಹಿತ ಒಮ್ಮೆ, ಬರೀ ಟ್ರೇಲರನ್ನು ಇನ್ನೊಮ್ಮೆ ತೂಗಿಸಿದಾಗ, ದೋಣಿಯ ತೂಕ ಹಳೆಯ ಕೆಟಲಾಗಿನಲ್ಲಿ ಹೇಳಿದ್ದಕ್ಕಿಂತ ಸುಮಾರು 200 ಪೌಂಡ್ ಹೆಚ್ಚು ಬಂದಿತು. ಟ್ರಾನ್ಸಮ್ (ಎಂಜಿನ್ ಕೂರುವ ಹಿಂಬದಿಯ ಗೋಡೆ) ಮೇಲೆ ಎಂಜಿನ್ ಬೋಲ್ಟುಗಳ ಸುತ್ತ ಕೂದಲೆಳೆಯ ಬಿರುಕುಗಳಿವೆ. ಹೊರಮೈಗೆ ಹಿಂದಿನವರು ಯಾವುದೋ ಬಿಳಿ ಬಣ್ಣ ಬಳಿದಿದ್ದಾರೆ. ಮೊದಲು ಯಾವುದಕ್ಕೆ ಕೈ ಹಾಕಬೇಕೆಂದು ಅನುಭವಿಗಳು ತಿಳಿಸಿದರೆ ಉಪಕಾರವಾಗುತ್ತದೆ. ಬಣ್ಣ, ಸೀಟು, ಎಂಜಿನ್ ಎಲ್ಲದರ ಬೆಲೆ ವಿಚಾರಿಸಿ ಇಟ್ಟುಕೊಂಡಿದ್ದೇನೆ, ಇನ್ನೂ ಏನನ್ನೂ ಕೊಂಡಿಲ್ಲ.

ಹಳೆ ದೋಣಿ ಹುಚ್ಚು, ರೋಡ್ ಐಲೆಂಡ್

ಏನನ್ನೂ ಕೊಂಡಿಲ್ಲವೆಂಬುದೇ ಒಳ್ಳೆಯ ಸುದ್ದಿ. ಬಿಡಿಭಾಗಗಳನ್ನು ಕಳಚಿ ತೂಗಿಸಿದ್ದು ಸರಿಯಾದ ಕೆಲಸ. ಹಲವರು ರೇಲಿಂಗು, ಲಂಗರು, ಅರ್ಧ ಟ್ಯಾಂಕ್ ಪೆಟ್ರೋಲ್ ಎಲ್ಲವನ್ನೂ ಸೇರಿಸಿ ತೂಗಿ, ಕೆಟಲಾಗಿನ ಅಂಕಿಯೊಂದಿಗೆ ಹೋಲಿಸಿ ಗಾಬರಿಯಾಗುತ್ತಾರೆ. ನಿಮ್ಮ 200 ಪೌಂಡ್ ಅಂದರೆ ಸುಮಾರು 90 ಲೀಟರ್ ನೀರು. ಹಿಂದಿನವರ ದುರಸ್ತಿ ಮತ್ತು ಬಣ್ಣದ ತೂಕವನ್ನು ಸ್ವಲ್ಪ ಕಳೆದರೂ ನೀರು ಒಳಗೆ ಸೇರಿದೆ ಎಂಬುದರಲ್ಲಿ ಸಂಶಯವಿಲ್ಲ.

ಈ ದೋಣಿಯ ರಚನೆ ಸಾಮಾನ್ಯ ಫೈಬರ್ ದೋಣಿಯಂಥದ್ದಲ್ಲ. ರಿಚರ್ಡ್ ಫಿಶರ್ ಅವರು ವಿನ್ಯಾಸಕಾರ ರೇಮಂಡ್ ಹಂಟ್ ಅವರ ಜೊತೆ ಸೇರಿ 1958ರಲ್ಲಿ ಮೊದಲ 13 ಅಡಿಯ ವೇಲರನ್ನು ಮಾರುಕಟ್ಟೆಗೆ ತಂದಾಗಿನಿಂದಲೂ ಕ್ರಮ ಒಂದೇ: ಹೊರಗಿನ ಒಡಲು ಮತ್ತು ಒಳಗಿನ ಚಿಪ್ಪನ್ನು ಅಚ್ಚಿನಲ್ಲಿಯೇ ಜೋಡಿಸಿ, ನಡುವಿನ ಜಾಗಕ್ಕೆ ದ್ರವರೂಪದ ಪಾಲಿಯುರೆಥೇನ್ ಸುರಿದು, ಅದು ಉಬ್ಬಿ ಎರಡೂ ಫೈಬರ್ ಚರ್ಮಗಳಿಗೆ ಅಂಟಿಕೊಳ್ಳುವಂತೆ ಮಾಡುವುದು. 1961ರಲ್ಲಿ ಲೈಫ್ ಪತ್ರಿಕೆಯಲ್ಲಿ ಬಂದ ಚಿತ್ರಗಳಲ್ಲಿ ಫಿಶರ್ ಕುಳಿತಿದ್ದ ದೋಣಿಯನ್ನು ನೀರಿನಲ್ಲೇ ಗರಗಸದಿಂದ ಎರಡು ತುಂಡು ಮಾಡಿದರು. ಅವರು ಎಂಜಿನ್ ಇದ್ದ ಹಿಂದಿನ ಅರ್ಧವನ್ನು ಓಡಿಸಿಕೊಂಡು ಹೋದರು. ಫೋಮು ತೇಲಿಸುವ ವಸ್ತು ಮಾತ್ರವಲ್ಲ, ಒಡಲಿನ ಬಲವೂ ಅದರಲ್ಲೇ ಇದೆ ಎಂಬುದನ್ನು ಮುಂದಿನ ಪ್ರತಿಯೊಂದು ನಿರ್ಧಾರದಲ್ಲೂ ನೆನಪಿಟ್ಟುಕೊಳ್ಳಬೇಕಾಗುತ್ತದೆ.

ನೀರು ಎಲ್ಲಿಂದ ಹೋಯಿತು? ಒಳಗೆ ಬಿದ್ದ ನೀರು ಹೊರಹೋಗುವ, ಹಿಂಬದಿಯ ಹಿತ್ತಾಳೆಯ ಡ್ರೇನ್ ಕೊಳವೆಗಳನ್ನು ಮೊದಲು ನೋಡಿ. ಟ್ರಾನ್ಸಮ್ ಮತ್ತು ಫೋಮನ್ನು ದಾಟಿ ಹೋಗುವ ಆ ತೆಳು ಕೊಳವೆಯ ತುದಿಯನ್ನು ಓ-ರಿಂಗ್ ಎಂಬ ರಬ್ಬರ್ ಉಂಗುರದ ಮೇಲೆ ಹೊರಕ್ಕೆ ಮಡಿಸಿ ಕೂರಿಸಿರುತ್ತಾರೆ. ದಶಕಗಳು ಕಳೆದಾಗ ಮಡಿಸಿದ ಅಂಚು ಹಸಿರುಗಟ್ಟಿ ಸೀಳುತ್ತದೆ, ರಬ್ಬರು ಒಣಗಿ ಪುಡಿಯಾಗುತ್ತದೆ, ಮತ್ತು ದೋಣಿಯನ್ನು ಸರೋವರದಲ್ಲಿ ಕಟ್ಟಿ ಇಟ್ಟಷ್ಟು ಹೊತ್ತೂ ನೀರು ಸದ್ದಿಲ್ಲದೆ ಟ್ರಾನ್ಸಮ್ಮಿನೊಳಗಿನ ಪ್ಲೈವುಡ್ಡಿಗೂ ಫೋಮಿಗೂ ಇಳಿಯುತ್ತಿರುತ್ತದೆ. ಬೆರಳಿನ ಉಗುರನ್ನು ಅಂಚಿನ ಕೆಳಗೆ ಆಡಿಸಿದರೆ ಸೀಳು ಸಿಗುತ್ತದೆ. ಎರಡನೆಯದಾಗಿ, ಯಾರೋ ಎಂದೋ ಕೊರೆದು ಬಿಟ್ಟ ಸ್ಕ್ರೂ ತೂತುಗಳು. ಆಸನ, ರೇಲಿಂಗುಗಳಿಗಾಗಿ ಕಂಪನಿಯವರು ಒಳಗೆ ಅಲ್ಲಲ್ಲಿ ಪ್ಲೈವುಡ್ ತುಂಡುಗಳನ್ನು ಹುದುಗಿಸಿಟ್ಟಿದ್ದಾರೆ, ಅವು ಎಲ್ಲಿವೆ ಎಂಬ ನಕ್ಷೆಗಳೂ ಸಿಗುತ್ತವೆ. ಆ ನಕ್ಷೆ ನೋಡದೆ ಬೇರೆಡೆ ಹಾಕಿದ ಸ್ಕ್ರೂ ಬರೀ ಫೋಮನ್ನು ಹಿಡಿದಿರುತ್ತದೆ ಮತ್ತು ಬೇಗನೆ ಸಡಿಲವಾಗಿ ನೀರಿಗೆ ದಾರಿಯಾಗುತ್ತದೆ.

ಮಲ್ಪೆ ಫೈಬರ್

ನಾನು ಮಲ್ಪೆಯ ಬಂದರಿನ ಪಕ್ಕದಲ್ಲಿ ಫೈಬರ್ ಕೆಲಸ ಮಾಡುವವನು. ವೇಲರ್ ದೋಣಿಯನ್ನು ಕಣ್ಣಾರೆ ಕಂಡಿಲ್ಲ, ಆದರೆ ಕೊಳೆತ ಟ್ರಾನ್ಸಮ್ ಎಲ್ಲ ದೋಣಿಗಳಲ್ಲೂ ಒಂದೇ ಜಾತಿ. ನಮ್ಮ ನಾಡದೋಣಿಗಳಿಗೆ ಔಟ್‌ಬೋರ್ಡ್ ಕಟ್ಟುವ ಜಾಗದಲ್ಲಿಯೂ ಇದೇ ಬಿರುಕು, ಇದೇ ಕೊಳೆ.

ಸರ್, ಮೊದಲು ಸುತ್ತಿಗೆಯ ಹಿಡಿಯಿಂದ ಟ್ರಾನ್ಸಮ್ ಅನ್ನು ಅಂಗೈ ಅಗಲದ ಅಂತರದಲ್ಲಿ ತಟ್ಟುತ್ತ ಹೋಗಿ. ಗಟ್ಟಿ ಮರದ ಸದ್ದು ಚುರುಕಾಗಿರುತ್ತದೆ, ಕೊಳೆತದ್ದು ಅಥವಾ ಪದರ ಬಿಟ್ಟದ್ದು ಮಂಕಾಗಿ ಕೇಳುತ್ತದೆ. ಆಮೇಲೆ ಒಳಗಿನ ಕಡೆಯಿಂದ, ಹೊರಚರ್ಮಕ್ಕೆ ತಾಗದಂತೆ ಡ್ರಿಲ್ ಬಿಟ್ಟಿಗೆ ಟೇಪ್ ಸುತ್ತಿ ಆಳ ಗುರುತು ಮಾಡಿಕೊಂಡು, ಕೆಳಗೆ, ನಡುವೆ, ಮೇಲೆ ಸಣ್ಣ ತೂತುಗಳನ್ನು ಕೊರೆಯಿರಿ. ಬಿಟ್ಟಿಗೆ ಹತ್ತಿ ಬರುವ ಪುಡಿ ಒಣಗಿ ತಿಳಿಬಣ್ಣದಲ್ಲಿದ್ದರೆ ಆ ಜಾಗ ಚೆನ್ನಾಗಿದೆ. ಕಾಫಿ ಗಸಿಯ ಹಾಗೆ ಕಪ್ಪಾಗಿ, ಒದ್ದೆಯಾಗಿ, ಬೆರಳಿಗೆ ಅಂಟಿಕೊಂಡರೆ ಅಲ್ಲಿ ಮರವೇ ಉಳಿದಿಲ್ಲ ಎಂದು ತಿಳಿಯಿರಿ. ಪ್ರತಿ ತೂತಿನ ಪಕ್ಕದಲ್ಲಿ ಪೆನ್ಸಿಲಿನಿಂದ ಒಣ, ಒದ್ದೆ ಎಂದು ಬರೆದುಕೊಂಡರೆ ಕೊಳೆಯ ನಕ್ಷೆಯೇ ಸಿದ್ಧವಾಗುತ್ತದೆ.

ಒಂದು ಎಚ್ಚರಿಕೆಯನ್ನು ಈಗಲೇ ಹೇಳಿಬಿಡುತ್ತೇನೆ. ಅಡಿಭಾಗದಲ್ಲಿ, ಪಾಚಿ ಮತ್ತು ಚಿಪ್ಪುಜೀವಿಗಳು ಹತ್ತದಂತೆ ಬಳಿಯುವ ಹಳೆಯ ಆ್ಯಂಟಿಫೌಲಿಂಗ್ ಬಣ್ಣವಿದ್ದರೆ ಅದನ್ನು ಒಣಗಿದ್ದಾಗ ಉಜ್ಜಬೇಡಿ. ಆ ಕಾಲದ ಬಣ್ಣಗಳಲ್ಲಿ ಟ್ರೈಬ್ಯುಟೈಲ್ ಟಿನ್ ಎಂಬ ವಿಷ ಇರುತ್ತಿತ್ತು. ನಿಮ್ಮ ದೇಶದಲ್ಲಿ ಸಣ್ಣ ದೋಣಿಗಳಿಗೆ ಅದನ್ನು ಬಳಿಯುವುದನ್ನು 1988ರಲ್ಲಿಯೇ ನಿಷೇಧಿಸಿದ್ದಾರೆ, ಆದರೆ ಹಳೆಯ ಪದರ ಇನ್ನೂ ಅಲ್ಲೇ ಇರಬಹುದು. ನೀರು ಹಾಕಿ ಉಜ್ಜಿ, ಕೆಸರನ್ನು ಹಿಡಿದು ಬೇರೆ ಇಡಿ, ಮುಖಕ್ಕೆ ಸರಿಯಾದ ರೆಸ್ಪಿರೇಟರ್ ಧರಿಸಿ. ಗಾಜಿನ ನಾರಿನ ಧೂಳಿಗೆ ಕರವಸ್ತ್ರ ಕಟ್ಟಿಕೊಳ್ಳುವುದು ನಮ್ಮ ಕಡೆಯ ಕೆಟ್ಟ ಅಭ್ಯಾಸ, ಅದನ್ನು ಕಲಿಯಬೇಡಿ.

ವೂಸ್ಟರ್ ಕನ್ನಡಿಗ

ಇಬ್ಬರಿಗೂ ಧನ್ಯವಾದಗಳು. ಮಲ್ಪೆಯವರು ಹೇಳಿದಂತೆ ತಟ್ಟಿ, ಕೊರೆದು ನೋಡಿದೆ. ಟ್ರಾನ್ಸಮ್ಮಿನ ಮೇಲಂಚಿನ ಎರಡು ತೂತುಗಳು ಒಣಗಿವೆ. ಎಂಜಿನ್ನಿನ ಕೆಳಬೋಲ್ಟುಗಳ ಸಾಲಿನಿಂದ ಕೆಳಗೆ ಎಲ್ಲವೂ ಕಪ್ಪು ಪುಡಿ. ಬಲಗಡೆಯ ಡ್ರೇನ್ ಕೊಳವೆಯ ಪಕ್ಕದ ತೂತಿನಿಂದಂತೂ ಕಂದುಬಣ್ಣದ ನೀರು ಇಳಿಯತೊಡಗಿತು, ರಾತ್ರಿಯಿಡೀ ತೊಟ್ಟಿಕ್ಕಿತು. ಆ ಕೊಳವೆಯ ಅಂಚು ನಿಜವಾಗಿಯೂ ಸೀಳಿದೆ. ಈಗ ಟ್ರಾನ್ಸಮ್ ಬದಲಿಸಲೇಬೇಕೆಂದು ಖಚಿತವಾಯಿತು. ಒಳಗಿನಿಂದ ಕತ್ತರಿಸಬೇಕೋ, ಹೊರಗಿನಿಂದಲೋ? ಫೈಬರಿಗೆ ಹಚ್ಚುವ ರೆಸಿನ್ (ಗಟ್ಟಿಯಾಗುವ ಅಂಟುದ್ರವ) ಪಾಲಿಯೆಸ್ಟರೋ, ಎಪಾಕ್ಸಿಯೋ?

ತುಂಗಾ ತೀರ

ನಡುವೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮಿಸಿ. ನೀರು ಕುಡಿದ ಫೋಮನ್ನೆಲ್ಲ ಕೆತ್ತಿ ತೆಗೆದು, ಡಬ್ಬಿಯಲ್ಲಿ ಸಿಗುವ ಎರಡು ದ್ರವಗಳ ಫೋಮನ್ನು ಹೊಸದಾಗಿ ಸುರಿದರೆ ಆಗುವುದಿಲ್ಲವೇ?

ಹಳೆ ದೋಣಿ ಹುಚ್ಚು, ರೋಡ್ ಐಲೆಂಡ್

ತುಂಗಾ ತೀರದವರೇ, ಬೇರೆ ದೋಣಿಗಳಲ್ಲಿ ಆಗುತ್ತದೆ. ಅಲ್ಲಿ ಒಡಲಿನ ಉದ್ದಕ್ಕೂ ಹೋಗುವ ತೊಲೆಗಳಾದ ಸ್ಟ್ರಿಂಗರುಗಳು ಭಾರ ಹೊರುತ್ತವೆ, ಫೋಮು ಖಾಲಿ ಜಾಗ ತುಂಬುತ್ತದೆ ಅಷ್ಟೇ. ವೇಲರಿನಲ್ಲಿ ಒಳಚಿಪ್ಪನ್ನು ದೊಡ್ಡದಾಗಿ ಕತ್ತರಿಸಿ ಫೋಮು ತೆಗೆದ ಕೂಡಲೇ ಎರಡು ಚರ್ಮಗಳ ನಡುವಿನ ಹಿಡಿತವೇ ಕಳಚುತ್ತದೆ. ಕಾರ್ಖಾನೆಯಲ್ಲಿ ಗಟ್ಟಿ ಅಚ್ಚುಗಳು ಎರಡೂ ಕಡೆಯಿಂದ ಬಿಗಿಹಿಡಿದಿದ್ದವು. ನಮ್ಮ ಅಂಗಳದಲ್ಲಿ ಆ ಬಿಗಿಯಿಲ್ಲದೆ ಸುರಿದರೆ ಉಬ್ಬುವ ಫೋಮು ಒಡಲನ್ನೇ ಹೊರಕ್ಕೆ ತಳ್ಳಿ ಸೊಟ್ಟ ಮಾಡಬಲ್ಲದು. ಒಡಲು ಬಹುಪಾಲು ಒಣಗಿದ್ದರೆ ಕೊಳೆತ ಜಾಗದಷ್ಟೇ ತೆಗೆದು, ಅಷ್ಟಕ್ಕೇ ಹೊಸದನ್ನು ಅಂಟಿಸುವುದು ಜಾಣತನ.

ಉಳಿದ ನೀರಿನ ವಿಷಯದಲ್ಲಿ ನನ್ನ ಅಭಿಪ್ರಾಯ ಹಲವರಿಗೆ ಹಿಡಿಸುವುದಿಲ್ಲ. ನಿರ್ವಾತ ಪಂಪ್ ಹಚ್ಚಿ ತಿಂಗಳುಗಟ್ಟಲೆ ಒಣಗಿಸುವವರಿದ್ದಾರೆ. ಮುಚ್ಚಿದ ಕೋಶಗಳ ಫೋಮಿನಿಂದ ನೀರು ಹೊರಬರುವುದು ಬಹಳ ನಿಧಾನ, ಪಂಪು ಹೆಚ್ಚಾಗಿ ಬಿರುಕುಗಳಲ್ಲಿ, ಪೊಳ್ಳುಗಳಲ್ಲಿ ನಿಂತದ್ದನ್ನಷ್ಟೇ ಎಳೆಯುತ್ತದೆ. ಟ್ರಾನ್ಸಮ್ ತೆರೆದಾಗ ಹಿಂಭಾಗ ತಗ್ಗಿನಲ್ಲಿರುವಂತೆ ದೋಣಿಯನ್ನು ಓರೆಯಾಗಿಟ್ಟು, ಸೂರಿನಡಿಯಲ್ಲಿ ಬೆಚ್ಚಗೆ ಬಿಡಿ. ಇಳಿಯುವಷ್ಟು ಇಳಿಯಲಿ. ನಂತರ ಮತ್ತೆ ತೂಗಿಸಿ, ಉಳಿದದ್ದನ್ನು ಲೆಕ್ಕದಲ್ಲಿಟ್ಟುಕೊಂಡು ಜನರ, ಎಂಜಿನ್ನಿನ ಭಾರವನ್ನು ಅಷ್ಟರಮಟ್ಟಿಗೆ ಕಡಿಮೆ ಇಡಿ. ಹೊಸ ನೀರು ಬರದಂತೆ ದಾರಿ ಮುಚ್ಚುವುದಕ್ಕೆ ಖರ್ಚು ಮಾಡಿದ ದುಡ್ಡು ಹಳೆಯ ನೀರನ್ನು ಎಳೆಯಲು ಖರ್ಚು ಮಾಡಿದ್ದಕ್ಕಿಂತ ಹೆಚ್ಚು ಫಲ ಕೊಡುತ್ತದೆ.

ಮಲ್ಪೆ ಫೈಬರ್

ಕತ್ತರಿಸುವುದು ಒಳಗಿನಿಂದ. ಹೊರಚರ್ಮ ದೋಣಿಯ ಆಕಾರ ಹಿಡಿದಿರುತ್ತದೆ, ಅದೇ ನಿಮಗೆ ಅಚ್ಚು. ಒಳಚರ್ಮವನ್ನು ಸುತ್ತಲೂ ಎರಡು ಇಂಚು ಅಂಚು ಉಳಿಯುವಂತೆ ಕತ್ತರಿಸಿ ಒಂದೇ ತುಂಡಾಗಿ ಎತ್ತಿ ಇಟ್ಟುಕೊಳ್ಳಿ. ಕೊಳೆತ ಪ್ಲೈವುಡ್ಡನ್ನು ಉಳಿಯಿಂದ ಕೆರೆದು, ಹೊರಚರ್ಮದ ಒಳಮೈಯನ್ನು ಒರಟು ಉಪ್ಪುಕಾಗದದಿಂದ ಉಜ್ಜಿ, ಹೊಳಪು ಹೋಗುವವರೆಗೆ ಬಿಡಬೇಡಿ. ಹಳೆಯ ಮರದ ದಪ್ಪವನ್ನು ಒಳ್ಳೆಯ ಭಾಗದಲ್ಲಿ ಅಳೆದು ಅದೇ ದಪ್ಪಕ್ಕೆ ಹೊಸದನ್ನು ತನ್ನಿ. ಇಲ್ಲಿ ನಾವು ಐಎಸ್ 710 ಗುರುತಿನ ಮರೈನ್ ಪ್ಲೈವುಡ್ ಕೇಳಿ ಪಡೆಯುತ್ತೇವೆ, ನಿಮ್ಮಲ್ಲಿ ಬಿಎಸ್ 1088 ಗುರುತಿನದು ಸಿಗುತ್ತದೆ. ಮನೆ ಕಟ್ಟುವವರು ಬಳಸುವ ಔಷಧಿ ಹಾಕಿದ ಹಸಿ ಪ್ಲೈವುಡ್ ಬೇಡ, ಅದಕ್ಕೆ ರೆಸಿನ್ ಸರಿಯಾಗಿ ಹಿಡಿಯುವುದಿಲ್ಲ.

ರೆಸಿನ್ನಿನ ಮಾತು. ಹೊಸ ದೋಣಿ ಕಟ್ಟುವಾಗ ನಾವು ಪಾಲಿಯೆಸ್ಟರನ್ನೇ ಬಳಸುತ್ತೇವೆ, ಅಗ್ಗ ಮತ್ತು ಬೇಗ. ಆದರೆ ಹಳೆಯ, ಪೂರ್ತಿ ಗಟ್ಟಿಯಾದ ಫೈಬರಿಗೆ ಹೊಸದನ್ನು ಅಂಟಿಸುವ ಕೆಲಸದಲ್ಲಿ ಎಪಾಕ್ಸಿಯ ಹಿಡಿತ ಎಷ್ಟೋ ಮೇಲು. ಎಪಾಕ್ಸಿ ತೆಗೆದುಕೊಂಡರೆ ಗಾಜಿನ ತುಂಡು ಎಳೆಗಳ ಮಾಮೂಲಿ ಚಾಪ್ಡ್ ಮ್ಯಾಟ್ ಬೇಡ. ಅದರ ಎಳೆಗಳನ್ನು ಹಿಡಿದಿಡುವ ಅಂಟು ಪಾಲಿಯೆಸ್ಟರಿನಲ್ಲಿರುವ ಸ್ಟೈರೀನಿಗೆ ಕರಗುತ್ತದೆ, ಎಪಾಕ್ಸಿಗೆ ಕರಗುವುದಿಲ್ಲ. ಎರಡು ದಿಕ್ಕಿನ ಎಳೆಗಳನ್ನು ಹೊಲಿದ ಬೈಯಾಕ್ಸಿಯಲ್ ಬಟ್ಟೆ ತನ್ನಿ. ಕತ್ತರಿಸಿದ ಚರ್ಮವನ್ನು ಮರಳಿ ಕೂರಿಸುವಾಗ ಸಂದಿಯ ಎರಡೂ ಕಡೆಯನ್ನು ಇಳಿಜಾರಾಗಿ ಉಜ್ಜಬೇಕು. ಚರ್ಮದ ದಪ್ಪ ಒಂದು ಪಾಲಾದರೆ ಇಳಿಜಾರು 12 ಪಾಲು ಉದ್ದವಿರಲಿ. ಅಷ್ಟು ಅಗಲದ ಇಳಿಜಾರು ನೋಡಿದರೆ ವ್ಯರ್ಥವೆನಿಸುತ್ತದೆ, ಆದರೆ ಎಂಜಿನ್ನಿನ ಎಳೆತವನ್ನೆಲ್ಲ ತಡೆಯುವುದು ಆ ಅಂಟಿದ ಅಗಲವೇ.

ಪಾಲಿಯೆಸ್ಟರಿನಲ್ಲಿ ಅದನ್ನು ಗಟ್ಟಿಗೊಳಿಸುವ ಕ್ಯಾಟಲಿಸ್ಟ್ ಶೇಕಡಾ 1ರಿಂದ 2ರ ನಡುವೆ ಹೆಚ್ಚುಕಡಿಮೆ ಮಾಡಿ ಬಿಸಿಲು-ಚಳಿಗೆ ಹೊಂದಿಸಬಹುದು. ಎಪಾಕ್ಸಿಯಲ್ಲಿ ಆ ಸ್ವಾತಂತ್ರ್ಯವಿಲ್ಲ, ಡಬ್ಬಿಯ ಮೇಲಿನ ಅಳತೆ ಎಷ್ಟೋ ಅಷ್ಟೇ. ವೇಗ ಬೇಕಿದ್ದರೆ ಬೇರೆ ಹಾರ್ಡ್ನರ್ (ಎಪಾಕ್ಸಿಯನ್ನು ಗಟ್ಟಿಗೊಳಿಸುವ ದ್ರವ) ಕೊಳ್ಳಬೇಕು. ಪಾಲಿಯೆಸ್ಟರ್ ಬಳಸುವವರಿಗೆ ಇನ್ನೊಂದು ಮಾತು: ಕ್ಯಾಟಲಿಸ್ಟನ್ನೂ ಕೋಬಾಲ್ಟ್ ಆಕ್ಸಿಲರೇಟರನ್ನೂ ಎಂದಿಗೂ ನೇರವಾಗಿ ಬೆರೆಸಬೇಡಿ, ಸ್ಫೋಟವಾಗುತ್ತದೆ. ಒಂದನ್ನು ರೆಸಿನ್ನಿಗೆ ಪೂರ್ತಿ ಕಲಸಿದ ಮೇಲೆಯೇ ಇನ್ನೊಂದು.

ನಮಗೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ, ಅವೆಲ್ಲ ದಡದಲ್ಲಿ. ದುರಸ್ತಿಗೆ ಸಮಯ ಸಿಗುವುದು ಆಗ, ಆದರೆ ಗಾಳಿಯಲ್ಲೆಲ್ಲ ತೇವ ತುಂಬುವುದೂ ಆಗಲೇ. ಟಾರ್ಪಾಲಿನಡಿಯಲ್ಲಿ ಕೆಲಸ, ಮ್ಯಾಟಿನ ಸುರುಳಿಯನ್ನು ಪ್ಲಾಸ್ಟಿಕ್‌ನಿಂದ ಹೊರತೆಗೆಯುವುದು ಕತ್ತರಿಸುವ ಗಳಿಗೆಯಲ್ಲಿ ಮಾತ್ರ. ನಿಮಗೆ ಮಳೆಯ ಬದಲು ಚಳಿಯ ಕಾಟ.

ಹಳೆ ದೋಣಿ ಹುಚ್ಚು, ರೋಡ್ ಐಲೆಂಡ್

ಮಲ್ಪೆಯವರ ಮಾತಿಗೆ ಎರಡು ತಿದ್ದುಪಡಿಗಳು. ಒಳಗಿನಿಂದ ಕತ್ತರಿಸಬೇಕೆಂಬುದು ಸಾಮಾನ್ಯ ದೋಣಿಗೆ ಸರಿ. ವೇಲರಿನ ಒಳಚಿಪ್ಪಿನಲ್ಲಿ ಹಿಂಬದಿಯ ನೀರಿನ ತೊಟ್ಟಿಯ ಆಕಾರ, ಮೂಲೆಗಳ ತಿರುವು, ಮೂಲ ನೀಲಿ ಜೆಲ್‌ಕೋಟ್ (ಫೈಬರಿನ ಮೇಲ್ಮೈಯ ಬಣ್ಣದ ಪದರ) ಇವೆಲ್ಲವೂ ಸಂಕೀರ್ಣ. ಹೊರಗಿನ ಟ್ರಾನ್ಸಮ್ ಮಾತ್ರ ಹೆಚ್ಚುಕಡಿಮೆ ಸಪಾಟು. ಹಾಗಾಗಿ ನಾನು ಹೊರಗಿನಿಂದ ತೆರೆದು, ಆ ಸಪಾಟು ಮೈಯನ್ನು ಮತ್ತೆ ಬಣ್ಣ ಹಚ್ಚಿ ಮುಗಿಸುವ ಪಕ್ಷದವನು. ಹೊರಗೆ ಹೇಗೂ ಹಿಂದಿನವರು ಬಣ್ಣ ಬಳಿದಿದ್ದಾರೆ, ಕಳೆದುಕೊಳ್ಳಲು ಏನೂ ಇಲ್ಲ.

ಎರಡನೆಯದು, ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಜೆಲ್‌ಕೋಟ್ ಬಳಿಯುವ ಯೋಚನೆ ಇದ್ದರೆ ಬಿಟ್ಟುಬಿಡಿ. ಸರಿಯಾಗಿ ಗಟ್ಟಿಯಾಗದೆ ಅಂಟಂಟಾಗಿ ಉಳಿಯುವ ಅಪಾಯವಿದೆ. ಎಪಾಕ್ಸಿ ಒಣಗಿದಾಗ ಮೇಲೆ ಬರುವ ಮೇಣದಂಥ ಪೊರೆಯನ್ನು ಮೊದಲು ನೀರು ಮತ್ತು ಸ್ಕಾಚ್‌ಬ್ರೈಟ್‌ನಿಂದ ತೊಳೆದು, ಆಮೇಲೆ ಉಜ್ಜಿ, ಎಪಾಕ್ಸಿ ಪ್ರೈಮರ್, ಅದರ ಮೇಲೆ ಎರಡು ಭಾಗದ ಪಾಲಿಯುರೆಥೇನ್ ಬಣ್ಣ. ತೊಳೆಯದೆ ಉಜ್ಜಿದರೆ ಆ ಪೊರೆಯನ್ನು ಮೈಯೆಲ್ಲ ಹರಡಿದಂತಾಗುತ್ತದೆ. ಎರಡು ಭಾಗದ ಬಣ್ಣದಲ್ಲಿ ಐಸೋಸಯನೇಟ್ ಎಂಬ ವಿಷಕಾರಿ ರಾಸಾಯನಿಕ ಇರುವುದರಿಂದ ಮನೆಯಲ್ಲಿ ಸ್ಪ್ರೇ ಮಾಡಬೇಡಿ. ಫೋಮ್ ರೋಲರಿನಿಂದ ಹಚ್ಚಿ, ಹಿಂದೆಯೇ ಒಣ ಬ್ರಷ್ಷಿನ ತುದಿಯನ್ನು ಹಗುರವಾಗಿ ಎಳೆದರೆ ಬೇಕಾದಷ್ಟು ನಯ ಬರುತ್ತದೆ. ದೋಣಿ ಟ್ರೇಲರಿನ ಮೇಲೆಯೇ ಇರುವುದಾದರೆ ಅಡಿಗೆ ಆ್ಯಂಟಿಫೌಲಿಂಗ್ ಬೇಕಾಗಿಲ್ಲ.

ಮಲ್ಪೆ ಫೈಬರ್

ಒಳಗೆ ತೊಟ್ಟಿಯ ಆಕಾರ ಅಷ್ಟು ಸುತ್ತುಬಳಸು ಎಂದಾದರೆ ಹೊರಗಿನಿಂದ ತೆರೆಯುವುದನ್ನು ಒಪ್ಪುತ್ತೇನೆ. ಆದರೆ ತೆರೆಯುವ ಮುನ್ನ ಎರಡು ಬದಿಗಳ ನಡುವೆ ಗಟ್ಟಿ ಮರದ ಪಟ್ಟಿಯೊಂದನ್ನು ಅಡ್ಡಲಾಗಿ ಬಿಗಿದು ಅಳತೆ ಗುರುತು ಮಾಡಿ, ಟ್ರೇಲರಿನ ರೋಲರುಗಳ ಮೇಲೆ ಬಿಡದೆ ಒಡಲಿನ ಅಡಿಗೆ ಸಮನಾದ ಆಸರೆ ಕೊಡಿ. ಚರ್ಮ ತೆಗೆದ ಮೇಲೆ ಒಡಲು ಅರಳಿದರೆ ಮತ್ತೆ ಅದೇ ಅಗಲಕ್ಕೆ ತರುವುದು ಕಷ್ಟ.

ಮಿಷಿಗನ್ ಮೆಕ್ಯಾನಿಕ್

ಟ್ರಾನ್ಸಮ್ ಮುಚ್ಚುವ ಮುನ್ನವೇ ಎಂಜಿನ್ ತೀರ್ಮಾನಿಸಿ. ಏಕೆಂದರೆ ಶಾಫ್ಟಿನ ಉದ್ದ, ಬೋಲ್ಟು ತೂತುಗಳ ಜಾಗ ಮತ್ತು ಟ್ರಾನ್ಸಮ್ಮಿನ ಎತ್ತರ ಎಲ್ಲವೂ ಅದಕ್ಕೆ ಹೊಂದಬೇಕು. ಹಳೆಯ ದೋಣಿಗಳಲ್ಲಿ 15 ಇಂಚಿನ ಟ್ರಾನ್ಸಮ್ಮೂ ಇರುತ್ತದೆ, 20 ಇಂಚಿನದೂ ಇರುತ್ತದೆ. ಅಳೆಯದೆ ಎಂಜಿನ್ ಕೊಂಡು ಪ್ರೊಪೆಲ್ಲರ್ ಅತಿ ಆಳಕ್ಕೋ ಗಾಳಿಗೋ ಬಂದು ಪರದಾಡಿದವರು ನಮ್ಮ ಗ್ಯಾರೇಜಿಗೆ ಬರುತ್ತಲೇ ಇರುತ್ತಾರೆ.

ಈ ಒಡಲು ಹಗುರವಾದ ಟೂ-ಸ್ಟ್ರೋಕ್ ಎಂಜಿನ್ನುಗಳ ಕಾಲದ್ದು. ಇಂದಿನ ಫೋರ್-ಸ್ಟ್ರೋಕುಗಳಲ್ಲಿ ಯಮಹಾ ಎಫ್70 ಸುಮಾರು 115 ಕಿಲೋ ತೂಗುತ್ತದೆ, ಮರ್ಕ್ಯುರಿಯ 90 ಅಶ್ವಶಕ್ತಿಯದು ಸುಮಾರು 163 ಕಿಲೋ. ವ್ಯತ್ಯಾಸ 48 ಕಿಲೋ, ಅದೂ ದೋಣಿಯ ಕಟ್ಟಕಡೆಯ ತುದಿಯಲ್ಲಿ. ಜೊತೆಗೆ ನಿಮ್ಮ ಒಡಲಿನಲ್ಲಿ ಉಳಿದುಕೊಳ್ಳುವ ನೀರೂ ಹಿಂಭಾಗದಲ್ಲೇ ಇರುತ್ತದೆ. ಹಿಂಭಾಗ ತಗ್ಗಿದಷ್ಟೂ ಡ್ರೇನ್ ತೂತುಗಳು ನೀರಿನ ಮಟ್ಟಕ್ಕಿಂತ ಕೆಳಗಿಳಿದು, ತಾನಾಗಿ ಖಾಲಿಯಾಗಬೇಕಾದ ದೋಣಿಗೆ ಹೊರಗಿನ ನೀರೇ ಒಳಬರುತ್ತದೆ. ಸರೋವರಕ್ಕೂ ಶಾಂತ ಕೊಲ್ಲಿಗೂ 70 ಸಾಕು. ಬ್ಯಾಟರಿಯನ್ನು ಹಿಂದಿಡದೆ ಕನ್ಸೋಲಿನ ಅಡಿಗೆ ತನ್ನಿ.

ಬೋಲ್ಟು ತೂತುಗಳನ್ನು ನೇರವಾಗಿ ಮರಕ್ಕೆ ಕೊರೆಯಬೇಡಿ. ದೊಡ್ಡದಾಗಿ ಕೊರೆದು, ದಪ್ಪ ಮಾಡಿದ ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಬೋಲ್ಟಿನ ಅಳತೆಗೆ ಮತ್ತೆ ಕೊರೆಯಿರಿ. ಆಗ ಸೀಲೆಂಟ್ ಸೋತರೂ ನೀರು ಮರ ಮುಟ್ಟುವುದಿಲ್ಲ. ಮುಂದೊಂದು ದಿನ ಕಳಚಬೇಕಾಗುವ ಜಾಗಗಳಿಗೆ 3ಎಂ ಕಂಪನಿಯ 5200 ಸೀಲೆಂಟ್ ಹಾಕಬೇಡಿ, ಅದು ಬಿಡುವುದಿಲ್ಲ, 4200 ಸಾಕು. ಸಿಲಿಕೋನ್ ಹಚ್ಚಿದ ಕಡೆ ಮುಂದೆ ಯಾವ ಬಣ್ಣವೂ ನಿಲ್ಲುವುದಿಲ್ಲ. ಪೆಟ್ರೋಲ್ ಪೈಪು, ಅದರಲ್ಲಿ ಕೈಯಿಂದ ಒತ್ತಿ ಪೆಟ್ರೋಲ್ ತಳ್ಳುವ ಪ್ರೈಮರ್ ಬಲ್ಬ್ ಎಲ್ಲವೂ ಹೊಸದಾಗಲಿ. ಎಥನಾಲ್ ಬೆರೆಸಿದ ಪೆಟ್ರೋಲ್ ಹಳೆಯ ರಬ್ಬರನ್ನು ಒಳಗಿನಿಂದ ಕರಗಿಸುತ್ತದೆ. ಚಾಲಕ ಬಿದ್ದರೆ ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ: ನಿಮ್ಮ ಹಳೆಯ ದೋಣಿಗೆ ಹೊಸ ಎಂಜಿನ್ನಿನೊಡನೆ ಅದು ಬಂದ ಮೇಲೆ, 26 ಅಡಿಗಿಂತ ಚಿಕ್ಕ ದೋಣಿಗಳಲ್ಲಿ ವೇಗವಾಗಿ ಓಡಿಸುವಾಗ ಅದರ ಹಗ್ಗವನ್ನು ಮೈಗೆ ಸಿಕ್ಕಿಸಿಕೊಳ್ಳಬೇಕೆಂಬ 2021ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಫೆಡರಲ್ ನಿಯಮ ನಿಮಗೂ ಅನ್ವಯಿಸುತ್ತದೆ.

ಹನ್ನೆರಡು ವೋಲ್ಟ್, ಸಿಯಾಟಲ್

ವೈರಿಂಗ್ ಬಗ್ಗೆ ಯಾರೂ ಮಾತನಾಡಿಲ್ಲ. ಹಳೆಯದರಲ್ಲಿ ಒಂದು ತಂತಿಯನ್ನೂ ಉಳಿಸಿಕೊಳ್ಳಬೇಡಿ. ತವರ ಲೇಪಿಸಿದ ತಾಮ್ರದ ಮರೈನ್ ತಂತಿಯನ್ನೇ ತನ್ನಿ, ಮನೆಯ ತಂತಿ ಉಪ್ಪುಗಾಳಿಗೆ ನಿರೋಧಕದ ಒಳಗೇ ಕಪ್ಪಾಗಿ ಪುಡಿಯಾಗುತ್ತದೆ. ಎಬಿವೈಸಿ (ಅಮೆರಿಕನ್ ಬೋಟ್ ಅಂಡ್ ಯಾಟ್ ಕೌನ್ಸಿಲ್) ಮಾನದಂಡದ ಪ್ರಕಾರ, ತಳದ ನೀರು ಹೊರಹಾಕುವ ಬಿಲ್ಜ್ ಪಂಪು, ನ್ಯಾವಿಗೇಷನ್ ದೀಪಗಳಂಥ ಮುಖ್ಯ ಸಾಧನಗಳಿಗೆ ಹೋಗುವ ದಾರಿಯಲ್ಲಿ ವೋಲ್ಟೇಜ್ ನಷ್ಟ ಶೇಕಡಾ 3 ಮೀರಬಾರದು. 12 ವೋಲ್ಟಿಗೆ ಅದು 0.36 ವೋಲ್ಟ್. ಬ್ಯಾಟರಿ ಮುಂದೆ ಹೋಯಿತಲ್ಲ, ಹಾಗಾಗಿ ಪಂಪಿಗೆ ಹೋಗಿ ಬರುವ ತಂತಿ ಒಟ್ಟು 10 ಮೀಟರ್ ಎಂದಿಟ್ಟುಕೊಳ್ಳೋಣ. ಪಂಪು 4 ಆಂಪಿಯರ್ ಎಳೆದರೆ 14 ಗೇಜಿನ ತಂತಿಯಲ್ಲಿ ನಷ್ಟ ಸುಮಾರು 0.33 ವೋಲ್ಟ್, ಅಂದರೆ ಅಂಚಿನಲ್ಲಿ ಪಾಸು. ಇನ್ನೂ ದಪ್ಪನಾದ 12 ಗೇಜ್ ಹಾಕಿದರೆ ನಿಶ್ಚಿಂತೆ. ಜೋಡಣೆಗಳನ್ನು ಸರಿಯಾದ ಕ್ರಿಂಪರಿನಿಂದ ಒತ್ತಿ, ಒಳಗೆ ಅಂಟಿರುವ ಹೀಟ್-ಶ್ರಿಂಕ್ ಕೊಳವೆ ಹಾಕಿ. ಬರೀ ಬೆಸುಗೆಯನ್ನು ನಂಬಬೇಡಿ, ಅಲುಗಾಟಕ್ಕೆ ಬೆಸುಗೆಯ ಅಂಚಿನಲ್ಲೇ ತಂತಿ ಮುರಿಯುತ್ತದೆ. ನೀರು ಏರಿದಾಗ ಪಂಪನ್ನು ತಾನಾಗಿ ಓಡಿಸುವ ಫ್ಲೋಟ್ ಸ್ವಿಚ್ಚಿನ ತಂತಿ, ತನ್ನದೇ ಫ್ಯೂಸ್ ಮೂಲಕ ನೇರ ಬ್ಯಾಟರಿಗೆ ಹೋಗಲಿ, ಮುಖ್ಯ ಸ್ವಿಚ್ ಆರಿಸಿದರೂ ಅದು ಕೆಲಸ ಮಾಡಬೇಕು.

ವೂಸ್ಟರ್ ಕನ್ನಡಿಗ

ಎಲ್ಲರ ಮಾತನ್ನೂ ಕೂಡಿಸಿ ಹೀಗೆ ನಿರ್ಧರಿಸಿದ್ದೇನೆ: ಗ್ಯಾರೇಜಿನಲ್ಲಿ ಹೀಟರ್ ಇಟ್ಟುಕೊಂಡು ಚಳಿಗಾಲದಲ್ಲಿ ಒಡಲನ್ನು ಬಸಿಯಲು ಬಿಡುವುದು, ಏಪ್ರಿಲ್-ಮೇ ತಿಂಗಳಲ್ಲಿ ಹೊರಗಿನಿಂದ ಟ್ರಾನ್ಸಮ್ ತೆರೆಯುವುದು, 20 ಇಂಚಿಗೆ 70 ಅಶ್ವಶಕ್ತಿಯ ಎಂಜಿನ್. ಎರಡು ಪ್ರಶ್ನೆಗಳು ಉಳಿದಿವೆ. ಮಹಾಗನಿ ಹಲಗೆಗಳಲ್ಲಿ ಸ್ಕ್ರೂಗಳ ಸುತ್ತ ಕಪ್ಪು ಕಲೆಗಳಿವೆ, ಅವು ಹೋಗುತ್ತವೆಯೇ? ಸ್ಟೀರಿಂಗ್ ಇನ್ನೂ ಹಳೆಯ ಹಗ್ಗ ಮತ್ತು ರಾಟೆಗಳದು. ಅದನ್ನೇ ಉಳಿಸಿಕೊಳ್ಳಬಹುದೇ?

ಹಳೆ ದೋಣಿ ಹುಚ್ಚು, ರೋಡ್ ಐಲೆಂಡ್

ಕಲೆಗಳಿಗೆ ಹಳೆಯ ವಾರ್ನಿಷ್ ಪೂರ್ತಿ ಕೆರೆದ ಮೇಲೆ ಆಕ್ಸಾಲಿಕ್ ಆಮ್ಲದ ದ್ರಾವಣ ಹಚ್ಚಿ, ಚೆನ್ನಾಗಿ ನೀರಿನಿಂದ ತೊಳೆದು, ಒಣಗಿದ ಮೇಲೆ ಉಜ್ಜಿ. ಕಬ್ಬಿಣದ ಕಲೆ ಬಹುಮಟ್ಟಿಗೆ ಹೋಗುತ್ತದೆ. ಒಣಗಿದ ಆಮ್ಲದ ಹರಳುಗಳ ಧೂಳನ್ನು ಉಸಿರಾಡಬೇಡಿ. ವಾರ್ನಿಷನ್ನು ತೆಳುವಾಗಿ ಹಲವು ಪದರ ಹಚ್ಚಿ, ಹಲಗೆಯ ಅಡಿಭಾಗಕ್ಕೂ ತುದಿಯ ಎಳೆಗಳಿಗೂ ಮೇಲ್ಮೈಗಿಂತ ಹೆಚ್ಚೇ ಹಚ್ಚಿ.

ಮಿಷಿಗನ್ ಮೆಕ್ಯಾನಿಕ್

ಹಗ್ಗದ ಸ್ಟೀರಿಂಗ್ ಪ್ರದರ್ಶನಕ್ಕೆ ಚೆನ್ನ, 70 ಅಶ್ವಶಕ್ತಿಯನ್ನು ತಿರುಗಿಸಲು ಬೇಡ. ರಾಟೆಯ ಒಂದು ಕೊಂಡಿ ಕಳಚಿದರೆ ಎಂಜಿನ್ ಒಂದೇ ಕಡೆಗೆ ಪೂರ್ತಿ ಹೊರಳುತ್ತದೆ. ಚಕ್ರ ಬಿಟ್ಟರೂ ಎಳೆಯದಂಥ ರೋಟರಿ ಕೇಬಲ್ ಸ್ಟೀರಿಂಗ್ ತೆಗೆದುಕೊಳ್ಳಿ. ಹಳೆಯ ಮರದ ಚಕ್ರ ಇಷ್ಟವಾದರೆ ಹೊಸ ಹೆಲ್ಮಿನ (ಚಕ್ರ ಕೂರುವ ಸ್ಟೀರಿಂಗ್ ಭಾಗ) ಶಾಫ್ಟಿಗೆ ಅಡಾಪ್ಟರ್ ಸಿಗುತ್ತದೆ. ಕೇಬಲ್ ಉದ್ದವನ್ನು ಹಳೆಯದನ್ನು ನೋಡಿ ಊಹಿಸಬೇಡಿ: ಕನ್ಸೋಲನ್ನು ಅದರ ಜಾಗದಲ್ಲಿ ಕೂರಿಸಿ, ಎಂಜಿನ್ನನ್ನು ಬೋಲ್ಟು ಮಾಡಿದ ಮೇಲೆ, ಕೇಬಲ್ ಸಾಗುವ ದಾರಿಯನ್ನು ಟೇಪಿನಿಂದ ಅಳೆದು, ತಯಾರಕರ ಪಟ್ಟಿಯಲ್ಲಿ ಹೇಳಿದಷ್ಟು ಬಾಗಿನ ಉದ್ದ ಸೇರಿಸಿ, ಆಮೇಲೆ ಆರ್ಡರ್ ಮಾಡಿ.